ಹೊರಗಿನ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲನ್ನು ಒಪ್ಪದ ನೆಟ್‌ವರ್ಕ್ ಕಾರ್ಡ್: ಒಂದು ಪ್ರಕರಣ ಅಧ್ಯಯನ

ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮುಖ್ಯ ಸರ್ವರ್ ಆಡಳಿತ ಕಟ್ಟಡದಲ್ಲಿದೆ, ಬ್ಯಾಕಪ್ ಸಂಗ್ರಹ ಗ್ರಂಥಾಲಯ ಕಟ್ಟಡದಲ್ಲಿದೆ. ಎರಡರ ನಡುವೆ ಬಹಳ ಹಿಂದೆ ಎಳೆದಿದ್ದ ಫೈಬರ್ ಕೇಬಲ್ ಮೇಲೆ 1 ಗಿಗಾಬಿಟ್ ಸಂಪರ್ಕ ತಕರಾರಿಲ್ಲದೆ ನಡೆಯುತ್ತಿತ್ತು. ಆದರೆ ವಾರಕ್ಕೊಮ್ಮೆ ತೆಗೆಯುವ ಪೂರ್ಣ ಬ್ಯಾಕಪ್ಪಿನ ಗಾತ್ರ ಸುಮಾರು 4 ಟೆರಾಬೈಟ್ ಮುಟ್ಟಿದಾಗ ಲೆಕ್ಕ ತಪ್ಪತೊಡಗಿತು. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 110 ಮೆಗಾಬೈಟ್ ಸಿಕ್ಕಿದರೆ ಅದೇ ಹೆಚ್ಚು. ಆ ವೇಗದಲ್ಲಿ 4 ಟೆರಾಬೈಟ್ ಸಾಗಲು ಹತ್ತು ಗಂಟೆ ಬೇಕು. ರಾತ್ರಿ ಆರಂಭವಾದ ಬ್ಯಾಕಪ್ ಬೆಳಗ್ಗೆ ತರಗತಿ ಶುರುವಾದ ಮೇಲೂ ಮುಗಿಯದೆ ಇಡೀ ಜಾಲವನ್ನು ನಿಧಾನಗೊಳಿಸುತ್ತಿತ್ತು. ಹೀಗಾಗಿ ಈ ಒಂದು ಸಂಪರ್ಕವನ್ನು ಮಾತ್ರ 10 ಗಿಗಾಬಿಟ್‌ಗೆ ಏರಿಸುವ ತೀರ್ಮಾನವಾಯಿತು.

ಹಣ ಕಡಿಮೆ ಇತ್ತು. ಇಂಟೆಲ್ 82599 ಚಿಪ್ ಇರುವ, ಎರಡು ಪೋರ್ಟಿನ ಎಕ್ಸ್520 ಕಾರ್ಡೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡರು. ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಇಂಥ ಕಾರ್ಡುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ, ಲಿನಕ್ಸ್‌ನಲ್ಲಿ ಅವುಗಳ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ಪೋರ್ಟಿಗೆ ಚುಚ್ಚುವ, ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ವಿದ್ಯುತ್ ಸಂಕೇತವಾಗಿಯೂ ಬದಲಿಸುವ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್‌ಗಳನ್ನು ಮಾತ್ರ ಹೊಸದಾಗಿ, ಕಾರ್ಡ್ ತಯಾರಕರದ್ದಲ್ಲದ ಬ್ರಾಂಡಿನಿಂದ ಕೊಂಡರು. ಅವು 10ಜಿಬೇಸ್-ಎಸ್‌ಆರ್ ಬಗೆಯವು, ಅಂದರೆ ದಪ್ಪ ತಿರುಳಿನ ಮಲ್ಟಿಮೋಡ್ ಫೈಬರ್ ಮೇಲೆ 850 ನ್ಯಾನೊಮೀಟರ್ ತರಂಗಾಂತರದಲ್ಲಿ ಕೆಲಸ ಮಾಡುವವು. ಸರ್ವರ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಇತ್ತು. ಎದುರು ತುದಿಯ ಸ್ವಿಚ್ ಯಾವ ಮಾಡ್ಯೂಲನ್ನೂ ನೀನು ಯಾರೆಂದು ಕೇಳದ ಬಗೆಯದಾಗಿತ್ತು.

ಈ ಪ್ರಕರಣದಲ್ಲಿ ಒಂದರ ಹಿಂದೆ ಒಂದಾಗಿ ಎರಡು ತೊಂದರೆಗಳು ಕಾಣಿಸಿಕೊಂಡವು. ಎರಡಕ್ಕೂ ಅಲ್ಲಿನವರು ಇಟ್ಟ ಹೆಸರು ಒಂದೇ: ಮಾಡ್ಯೂಲ್ ಹೊಂದುತ್ತಿಲ್ಲ. ಮೊದಲನೆಯದರ ಮಟ್ಟಿಗೆ ಆ ಹೆಸರು ಸರಿಯಿತ್ತು, ಎರಡನೆಯದಕ್ಕೆ ಸಲ್ಲುತ್ತಿರಲಿಲ್ಲ. ಈ ಟಿಪ್ಪಣಿಯ ಹೆಚ್ಚಿನ ಭಾಗ ಆ ಎರಡನ್ನೂ ಬೇರ್ಪಡಿಸಿದ ಬಗೆಯನ್ನು ಕುರಿತದ್ದು.

ಕಾಣೆಯಾದ ಪೋರ್ಟ್

ಕಾರ್ಡ್ ಕೂರಿಸಿ, ಮೊದಲನೆಯ ಪೋರ್ಟಿಗೆ ಮಾಡ್ಯೂಲ್ ಹಾಕಿ ಸರ್ವರ್ ಆನ್ ಮಾಡಿದಾಗ ಇಂಟರ್‌ಫೇಸ್‌ಗಳ ಪಟ್ಟಿಯಲ್ಲಿ ಕಾರ್ಡಿನ ಒಂದೇ ಪೋರ್ಟ್ ಕಂಡಿತು. ಅದೂ ಮಾಡ್ಯೂಲ್ ಇಲ್ಲದ, ಖಾಲಿ ಬಿಟ್ಟಿದ್ದ ಎರಡನೆಯ ಪೋರ್ಟ್. "ಸರ್, ಸೆಕೆಂಡ್‌ಹ್ಯಾಂಡ್ ಕಾರ್ಡು, ಒಂದು ಪೋರ್ಟು ಹೋಗಿರಬೇಕು" ಎಂಬುದು ಲ್ಯಾಬ್ ಸಹಾಯಕರ ಅಭಿಪ್ರಾಯವಾಗಿತ್ತು. ಅವರೇ ಮಾಡ್ಯೂಲನ್ನು ಎರಡನೆಯ ಪೋರ್ಟಿಗೆ ಬದಲಾಯಿಸಿ ಮತ್ತೆ ಬೂಟ್ ಮಾಡಿದರು. ಈಗ ಮೊದಲನೆಯದು ಕಾಣಿಸಿಕೊಂಡು ಎರಡನೆಯದು ಮಾಯವಾಯಿತು. ಪೋರ್ಟ್ ಕೆಟ್ಟಿದ್ದರೆ ತೊಂದರೆ ಅದೇ ಪೋರ್ಟಿನಲ್ಲಿ ಉಳಿಯಬೇಕಿತ್ತು. ಅದು ಮಾಡ್ಯೂಲಿನ ಜೊತೆ ಸ್ಥಳ ಬದಲಿಸಿತ್ತು. ಮಾಡ್ಯೂಲ್ ಬದಲಿಗೆ ಎರಡೂ ತುದಿಗೆ ಪ್ಲಗ್ ಕೂಡಿಸಿಯೇ ಬರುವ ತಾಮ್ರದ ಡಿಎಸಿ ಕೇಬಲ್ ಚುಚ್ಚಿ ಮತ್ತೆ ಬೂಟ್ ಮಾಡಿದಾಗ ಪೋರ್ಟ್ ಎದ್ದು ನಿಂತಿತು. ಯಂತ್ರಕ್ಕೆ ಕೂರಿಸಿದ ಕಾರ್ಡುಗಳನ್ನು ತೋರಿಸುವ ಪಿಸಿಐ ಪಟ್ಟಿಯಲ್ಲಂತೂ ಎರಡೂ ಪೋರ್ಟ್‌ಗಳು ಮೊದಲಿನಿಂದಲೂ ಇದ್ದೇ ಇದ್ದವು. ಕಾರ್ಡ್ ಸರಿಯಿದೆ ಎಂದು ಹೇಳಲು ಇಷ್ಟು ಸಾಕು.

ಕರ್ನಲ್ ಲಾಗ್‌ನಲ್ಲಿ ಈ ಕಾರ್ಡನ್ನು ನಡೆಸುವ ಐಎಕ್ಸ್‌ಜಿಬಿಇ ಡ್ರೈವರ್ ತನ್ನ ಮಾತನ್ನು ಸ್ಪಷ್ಟವಾಗಿಯೇ ಬರೆದಿಟ್ಟಿತ್ತು: ಬೆಂಬಲವಿಲ್ಲದ ಬಗೆಯ ಎಸ್‌ಎಫ್‌ಪಿ ಪ್ಲಸ್ ಅಥವಾ ಕ್ಯೂಎಸ್‌ಎಫ್‌ಪಿ ಮಾಡ್ಯೂಲ್ ಪತ್ತೆಯಾದ್ದರಿಂದ ಲೋಡ್ ಆಗಲಿಲ್ಲ, ಬೆಂಬಲವಿರುವ ಮಾಡ್ಯೂಲ್ ಹಾಕಿ ಡ್ರೈವರನ್ನು ಮತ್ತೆ ಲೋಡ್ ಮಾಡಿ ಎಂದು. ಈ ಡ್ರೈವರಿನ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಒಪ್ಪದ ಮಾಡ್ಯೂಲ್ ಸಿಕ್ಕಾಗ ಅದು ಇಂಟರ್‌ಫೇಸನ್ನು ಕೆಳಗಿಳಿಸಿ ಸುಮ್ಮನಾಗುವುದಿಲ್ಲ, ಇಂಟರ್‌ಫೇಸನ್ನೇ ಹುಟ್ಟಿಸುವುದಿಲ್ಲ. ಸರ್ವರ್ ಚಾಲೂ ಇರುವಾಗ ಖಾಲಿ ಪೋರ್ಟಿಗೆ ಅಂಥ ಮಾಡ್ಯೂಲ್ ಹಾಕಿದರೆ ಇದ್ದ ಇಂಟರ್‌ಫೇಸನ್ನೂ ತೆಗೆದುಹಾಕುತ್ತದೆ. ಮಾಡ್ಯೂಲಿನ ಒಳಗಿನ ಮಾಹಿತಿಯನ್ನು ಓದಲು ಬಳಸುವ ಈಥ್‌ಟೂಲ್‌ಗೆ ಇಂಟರ್‌ಫೇಸಿನ ಹೆಸರು ಬೇಕು, ಇಲ್ಲಿ ಆ ಹೆಸರೇ ಇಲ್ಲ. ಆದ್ದರಿಂದ ತಿರಸ್ಕೃತವಾದ ಮಾಡ್ಯೂಲನ್ನು ತಿರಸ್ಕರಿಸಿದ ಯಂತ್ರದಲ್ಲೇ ಪರೀಕ್ಷಿಸಲು ಆಗುವುದಿಲ್ಲ. ಎದುರಿನ ಸ್ವಿಚ್‌ಗೆ ಹಾಕಿ ಓದಬೇಕಾಯಿತು.

ಡ್ರೈವರ್ ನೋಡುವುದು ಏನನ್ನು?

ಪ್ರತಿ ಎಸ್‌ಎಫ್‌ಪಿ ಮಾಡ್ಯೂಲಿನ ಒಳಗೂ ಈಪ್ರಾಮ್ ಎಂಬ, ವಿದ್ಯುತ್ ಹೋದರೂ ಅಳಿಯದ ಒಂದು ಸಣ್ಣ ಮೆಮೊರಿ ಇರುತ್ತದೆ. ಎಸ್‌ಎಫ್‌ಎಫ್-8472 ಎಂಬ ನಿರ್ದಿಷ್ಟತೆಯ ಪ್ರಕಾರ ಅದರ ಯಾವ ಬೈಟ್‌ನಲ್ಲಿ ಏನಿರಬೇಕು ಎಂಬುದು ಗೊತ್ತುಪಡಿಸಿದ್ದಾಗಿದೆ. ಬೈಟ್ 3ರಲ್ಲಿ 10 ಗಿಗಾಬಿಟ್ ಬಗೆಯ ಸಂಕೇತ ಇರುತ್ತದೆ: ಎಸ್‌ಆರ್ ಆದರೆ ಹೆಕ್ಸ್ (ಹದಿನಾರರ ಆಧಾರದ ಎಣಿಕೆ) 10, ದೂರ ಸಾಗುವ ಎಲ್‌ಆರ್ ಆದರೆ ಹೆಕ್ಸ್ 20. ಬೈಟ್ 20ರಿಂದ 35ರವರೆಗೆ ತಯಾರಕರ ಹೆಸರು ಹದಿನಾರು ಅಕ್ಷರಗಳಲ್ಲಿ, ಕೊನೆಗೆ ಉಳಿದ ಜಾಗವನ್ನು ಖಾಲಿ ಅಕ್ಷರಗಳಿಂದ ತುಂಬಿ ಬರೆದಿರುತ್ತದೆ. ಬೈಟ್ 37, 38 ಮತ್ತು 39ರಲ್ಲಿ ತಯಾರಕರ ಓಯುಐ, ಅಂದರೆ ಐಇಇಇ ಸಂಸ್ಥೆ ಕೊಟ್ಟ ಮೂರು ಬೈಟ್‌ಗಳ ಗುರುತು ಇರುತ್ತದೆ. 40ರಿಂದ 55 ಭಾಗದ ಸಂಖ್ಯೆಗೆ ಮೀಸಲು. 63ನೆಯದು ಮೇಲಿನವೆಲ್ಲವನ್ನೂ ಕೂಡಿ ಬರೆದ ಚೆಕ್‌ಸಮ್, ಅಂದರೆ ಬೈಟ್‌ಗಳು ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ.

ಐಎಕ್ಸ್‌ಜಿಬಿಇ ಡ್ರೈವರ್ ಮೊದಲು ಬಗೆಯ ಸಂಕೇತವನ್ನು ಓದಿ ಇದು ಎಸ್‌ಆರ್ ಎಂದು ತಿಳಿದುಕೊಳ್ಳುತ್ತದೆ. ಡಿಎಸಿ ಕೇಬಲ್ ಆಗಿದ್ದರೆ ಯಾರದ್ದಾದರೂ ಸರಿ ಎಂದು ಅಲ್ಲಿಗೇ ಬಿಟ್ಟುಬಿಡುತ್ತದೆ. ನಮ್ಮ ತಾಮ್ರದ ಕೇಬಲ್ ಕೆಲಸ ಮಾಡಿದ್ದು ಇದರಿಂದಲೇ. 10 ಗಿಗಾಬಿಟ್ ಆಪ್ಟಿಕಲ್ ಮಾಡ್ಯೂಲ್ ಆಗಿದ್ದರೆ ಮಾತ್ರ ಮುಂದಿನ ಪ್ರಶ್ನೆ ಬರುತ್ತದೆ: ಕಾರ್ಡಿನ ಸ್ವಂತ ಈಪ್ರಾಮ್‌ನಲ್ಲಿ, ಹೆಕ್ಸ್ 2ಸಿ ಎಂಬ ಪದದಲ್ಲಿ, ಯಾವ ಮಾಡ್ಯೂಲ್ ಆದರೂ ಸರಿ ಎನ್ನುವ ಕೊನೆಯ ಬಿಟ್ ಹೊತ್ತಿಸಿದೆಯೇ? ಇಲ್ಲದಿದ್ದರೆ ಮಾಡ್ಯೂಲಿನ ಓಯುಐ 00-1ಬಿ-21, ಅಂದರೆ ಇಂಟೆಲ್‌ನದು ಆಗಿರಬೇಕು. ಅದೂ ಅಲ್ಲವಾದರೆ, ಬೆಂಬಲವಿಲ್ಲದ ಮಾಡ್ಯೂಲನ್ನೂ ಒಪ್ಪಿಕೋ ಎಂದು ಬಳಕೆದಾರರು ಡ್ರೈವರಿಗೆ ಹೇಳಿರಬೇಕು. ಮೂರೂ ಇಲ್ಲವೆಂದರೆ ತಿರಸ್ಕಾರ.

ಈ ಸರಣಿಯಲ್ಲಿ ಎಲ್ಲಿಯೂ ಬೆಳಕಿನ ಪ್ರಸ್ತಾಪವಿಲ್ಲ. ಲೇಸರಿನ ಶಕ್ತಿ ಎಷ್ಟು, ಮಾಡ್ಯೂಲ್ ಎಷ್ಟು ವಿದ್ಯುತ್ ಎಳೆಯುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಡ್ರೈವರ್ ಅಳೆದು ತೀರ್ಪು ಕೊಡುವುದಿಲ್ಲ. ಮೂರು ಬೈಟ್‌ಗಳ ಗುರುತನ್ನು ನೋಡುತ್ತದೆ, ಅಷ್ಟೇ. ಕಾರ್ಡ್ ತಯಾರಕರ ಪಕ್ಷದಲ್ಲೂ ನ್ಯಾಯವಿಲ್ಲದಿಲ್ಲ. ಎಸ್‌ಎಫ್‌ಪಿ ಪ್ಲಸ್ ಗೂಡುಗಳನ್ನು ಸಾಮಾನ್ಯವಾಗಿ 1 ಅಥವಾ 1.5 ವ್ಯಾಟ್ ಲೆಕ್ಕದಲ್ಲಿ ರೂಪಿಸಿರುತ್ತಾರೆ. ತಾಮ್ರದ 10ಜಿಬೇಸ್-ಟಿ ಮಾಡ್ಯೂಲ್‌ಗಳು 2.5 ವ್ಯಾಟ್‌ವರೆಗೂ ಎಳೆಯುತ್ತವೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತವೆ. ತಾವು ಪರೀಕ್ಷಿಸದ ಮಾಡ್ಯೂಲಿನಿಂದ ಕಾರ್ಡ್ ಹಾಳಾದರೆ ದೂರು ಬರುವುದು ಕಾರ್ಡ್ ಮಾಡಿದವರಿಗೆ. ಆದರೆ ಅಂಥ ತಾಮ್ರದ ಮಾಡ್ಯೂಲ್‌ಗಳಲ್ಲಿ ಹಲವು ತಮ್ಮನ್ನು ಎಸ್‌ಆರ್ ಎಂದೇ ಬೈಟ್ 3ರಲ್ಲಿ ಹೇಳಿಕೊಳ್ಳುತ್ತವೆ, ಓಯುಐ ಕೂಡ ಬೇಕಾದವರದನ್ನು ಬರೆಸಿಕೊಂಡು ಬರುತ್ತವೆ. ಗುರುತಿನ ತಪಾಸಣೆ ತಡೆಯಬೇಕಾದ ನಿಜವಾದ ಅಪಾಯ ಹೀಗೆ ಸಲೀಸಾಗಿ ಒಳಬರುತ್ತದೆ, ಸಾಧು ಎಸ್‌ಆರ್ ಮಾಡ್ಯೂಲ್ ಹೊರಗೆ ನಿಲ್ಲುತ್ತದೆ. ಎಸ್‌ಎಫ್‌ಪಿ ಎಂಬ ರೂಪವೇ ಹಲವು ತಯಾರಕರು ಕೂಡಿ ಮಾಡಿಕೊಂಡ ಒಪ್ಪಂದದಿಂದ, ಒಬ್ಬರದು ಇನ್ನೊಬ್ಬರ ಗೂಡಿಗೆ ಕೂರಲಿ ಎಂಬ ಉದ್ದೇಶದಿಂದ ಬಂದದ್ದು ಎಂಬುದನ್ನು ನೆನೆದರೆ ಇದು ಇನ್ನಷ್ಟು ವಿಚಿತ್ರವೆನಿಸುತ್ತದೆ.

ಸ್ವಿಚ್‌ನಲ್ಲಿ ಓದಿದಾಗ ಈ ಎರಡು ಮಾಡ್ಯೂಲ್‌ಗಳ ಬೈಟ್ 3 ಹೆಕ್ಸ್ 10 ಎಂದಿತ್ತು, ಚೆಕ್‌ಸಮ್ ತಾಳೆಯಾಯಿತು, ಓಯುಐ ಮಾತ್ರ ಬೇರೆಯವರದ್ದು. ಪ್ರಾಮಾಣಿಕವಾಗಿ ತನ್ನ ಹೆಸರನ್ನೇ ಬರೆದುಕೊಂಡ ಮಾಡ್ಯೂಲ್ ಅದು.

ದಾರಿ ತೆರೆದರೂ ಬೂಟ್ ಆದಾಗ ಮುಚ್ಚಿದ್ದು

ಪರಿಹಾರ ಅಧಿಕೃತವಾಗಿಯೇ ಇದೆ. ಅಲೋ, ಅನ್‌ಸಪೋರ್ಟೆಡ್, ಎಸ್‌ಎಫ್‌ಪಿ ಎಂಬ ಮೂರು ಪದಗಳನ್ನು ಅಡಿಗೆರೆಯಿಂದ ಜೋಡಿಸಿದ ಹೆಸರಿನ ಪ್ಯಾರಾಮೀಟರಿಗೆ 1 ಎಂಬ ಮೌಲ್ಯ ಕೊಟ್ಟರೆ ಐಎಕ್ಸ್‌ಜಿಬಿಇ ಮಾಡ್ಯೂಲನ್ನು ಒಪ್ಪುತ್ತದೆ. ಒಪ್ಪುವಾಗ, ಪರೀಕ್ಷಿಸದ ಮಾಡ್ಯೂಲ್‌ಗಳಿಂದ ಅಸ್ಥಿರತೆ ಅಥವಾ ಹಾನಿ ಉಂಟಾಗಬಹುದು, ಅದಕ್ಕೆ ಕಂಪನಿ ಹೊಣೆಯಲ್ಲ ಎಂಬ ಉದ್ದನೆಯ ಎಚ್ಚರಿಕೆಯನ್ನು ಲಾಗ್‌ನಲ್ಲಿ ಬರೆಯುತ್ತದೆ. ಡ್ರೈವರನ್ನು ಕೈಯಾರೆ ಇಳಿಸಿ, ಪ್ಯಾರಾಮೀಟರ್ ಸಮೇತ ಮತ್ತೆ ಏರಿಸಿದಾಗ ಎರಡೂ ಪೋರ್ಟ್‌ಗಳು ಕಾಣಿಸಿಕೊಂಡವು, ಲಿಂಕ್ ದೀಪ ಹತ್ತಿತು. ಲ್ಯಾಬಿನವರು ಅದೇ ಸಾಲನ್ನು ಡ್ರೈವರ್‌ಗಳ ಹೊಂದಿಕೆ ಇಡುವ ಮಾಡ್‌ಪ್ರೋಬ್ ಫೋಲ್ಡರಿನ ಒಂದು ಕಡತದಲ್ಲಿ ಬರೆದಿಟ್ಟರು. ಮುಂದಿನ ಬೂಟ್‌ನಲ್ಲಿ ಪೋರ್ಟ್ ಮತ್ತೆ ಮಾಯ!

ಕಾರಣ ಬೂಟ್ ಆಗುವ ಕ್ರಮದಲ್ಲಿದೆ. ಡೆಬಿಯನ್‌ನ ಸಾಮಾನ್ಯ ಹೊಂದಿಕೆಯಲ್ಲಿ ನೆಟ್‌ವರ್ಕ್ ಡ್ರೈವರ್‌ಗಳೂ ಇನಿಟ್‌ರಾಮ್‌ಎಫ್‌ಎಸ್ ಎಂಬ ಆರಂಭಿಕ ಕಟ್ಟಿನೊಳಗೆ ಸೇರಿರುತ್ತವೆ. ಡಿಸ್ಕಿನ ಮೂಲ ಕಡತ ವ್ಯವಸ್ಥೆ ತೆರೆಯುವ ಮೊದಲೇ ಐಎಕ್ಸ್‌ಜಿಬಿಇ ಆ ಕಟ್ಟಿನಿಂದ ಏರಿಬಿಡುತ್ತದೆ. ಆಗ ಅದಕ್ಕೆ ಕಾಣುವುದು ಕಟ್ಟಿನೊಳಗಿರುವ ಹಳೆಯ ಮಾಡ್‌ಪ್ರೋಬ್ ಕಡತಗಳು ಮಾತ್ರ, ಡಿಸ್ಕಿನಲ್ಲಿ ಹೊಸದಾಗಿ ಬರೆದದ್ದಲ್ಲ. ಕಡತ ಬದಲಿಸಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಬೇಕು; ಡೆಬಿಯನ್‌ನಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ರೆಡ್‌ಹ್ಯಾಟ್ ಬಳಗದಲ್ಲಿ ಡ್ರಾಕಟ್ ಆ ಕೆಲಸ ಮಾಡುತ್ತವೆ. ಇಲ್ಲವೇ ಬೂಟ್‌ಲೋಡರಿನ ಕರ್ನಲ್ ಸಾಲಿನಲ್ಲೇ ಡ್ರೈವರಿನ ಹೆಸರು, ಚುಕ್ಕಿ, ಪ್ಯಾರಾಮೀಟರಿನ ಹೆಸರು ಎಂಬ ಕ್ರಮದಲ್ಲಿ ಬರೆಯಬಹುದು. ಇಲ್ಲಿ ಎರಡನೆಯದನ್ನೇ ಆರಿಸಿದೆವು, ಏಕೆಂದರೆ ಆ ಸಾಲನ್ನು ಚಾಲೂ ಇರುವ ಯಂತ್ರದಲ್ಲಿ ಯಾರು ಬೇಕಾದರೂ ಓದಿ ಖಚಿತಪಡಿಸಿಕೊಳ್ಳಬಹುದು.

ಕಾರ್ಡಿನ ಈಪ್ರಾಮ್‌ನಲ್ಲಿ ಆ ಕೊನೆಯ ಬಿಟ್ಟನ್ನೇ ಹೊತ್ತಿಸಿಬಿಡುವ ದಾರಿಯೂ ಇದೆ. ಈಥ್‌ಟೂಲ್‌ನಿಂದಲೇ ಬರೆಯಬಹುದು, ಚೆಕ್‌ಸಮ್ಮನ್ನು ಡ್ರೈವರ್ ತಾನೇ ಸರಿಪಡಿಸುತ್ತದೆ, ಆಮೇಲೆ ಯಾವ ಆಪರೇಟಿಂಗ್ ಸಿಸ್ಟಮ್‌ನ ಪ್ಯಾರಾಮೀಟರೂ ಬೇಕಾಗುವುದಿಲ್ಲ. ಆದರೆ ಒಂದು ಬೈಟ್ ಆಚೀಚೆ ಬರೆದರೆ ಕಾರ್ಡೇ ಕೈಬಿಡಬಹುದು, ಹೊರಗಿನಿಂದ ನೋಡಿದವರಿಗೆ ಬದಲಾವಣೆಯ ಸುಳಿವೂ ಸಿಗುವುದಿಲ್ಲ. ಒಂದೇ ಸರ್ವರ್ ಇರುವಲ್ಲಿ ಆ ಸಾಹಸ ಬೇಡವೆನಿಸಿತು.

ಬಂದ ಲಿಂಕ್, ಬಾರದ ವೇಗ

ಲಿಂಕ್ 10 ಗಿಗಾಬಿಟ್ ಎಂದು ತೋರಿಸುತ್ತಿತ್ತು, ಪಿಂಗ್ ಸರಾಗವಾಗಿತ್ತು, ದೂರದಿಂದ ಲಾಗಿನ್ ಆಗುವುದೂ ಸರಿಯಿತ್ತು. ಬ್ಯಾಕಪ್ ಶುರುವಾದ ಕೂಡಲೇ ವೇಗ ಹಳೆಯ ಗಿಗಾಬಿಟ್‌ಗಿಂತಲೂ ಕೆಳಗೆ ಕುಸಿಯಿತು. ಎರಡೂ ತುದಿಯ ಎಣಿಕೆಗಳನ್ನು ನೋಡಿದರೆ ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ (ಮಾಹಿತಿಯ ತುಣುಕುಗಳ) ಲೆಕ್ಕ ಬಿಡುವಿಲ್ಲದೆ ಏರುತ್ತಿತ್ತು. ಡ್ರೈವರಿನ ಎಚ್ಚರಿಕೆಯನ್ನು ಆಗಷ್ಟೇ ಓದಿದವರಿಗೆ ತೀರ್ಮಾನ ಸುಲಭವಾಗಿತ್ತು: ಅಸ್ಥಿರತೆ ಉಂಟಾಗಬಹುದು ಎಂದಿದ್ದರು, ಉಂಟಾಯಿತು, ಅಗ್ಗದ ಮಾಡ್ಯೂಲನ್ನು ಹಿಂದಿರುಗಿಸಿ ತಯಾರಕರದ್ದನ್ನೇ ತರಿಸೋಣ. ಆ ಆದೇಶಕ್ಕೆ ಪತ್ರ ಕೂಡ ಸಿದ್ಧವಾಗಿತ್ತು.

ಮಾಡ್ಯೂಲಿನ ಮೇಲ್ವಿಚಾರಣಾ ಮಾಹಿತಿ ಈ ತೀರ್ಮಾನಕ್ಕೆ ಒಗ್ಗುವಂತಿರಲಿಲ್ಲ. ಈಗ ಇಂಟರ್‌ಫೇಸ್ ಇದ್ದುದರಿಂದ ಈಥ್‌ಟೂಲ್‌ನಲ್ಲೇ ಓದಲು ಸಾಧ್ಯವಿತ್ತು. ಕಳುಹಿಸುವ ಶಕ್ತಿಯೂ ತಲುಪುವ ಶಕ್ತಿಯೂ ಚೆನ್ನಾಗಿಯೇ ಇದ್ದವು. ತಲುಪುತ್ತಿದ್ದುದು ಮೈನಸ್ 4 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಆಸುಪಾಸು. ಎಸ್‌ಆರ್‌ಗೆ ಮೈನಸ್ 1ರಿಂದ ಮೈನಸ್ 9.9 ಡಿಬಿಎಂವರೆಗೆ ಸರಾಸರಿ ಶಕ್ತಿ ತಲುಪಿದರೆ ನಡೆಯುತ್ತದೆ. ಈ ಅಳತೆಯಲ್ಲಿ 3 ಡೆಸಿಬೆಲ್ ಹೆಚ್ಚುಕಡಿಮೆಗೆ ನಿರ್ದಿಷ್ಟತೆಯೇ ಅವಕಾಶ ಕೊಟ್ಟಿದೆ, ಹಾಗಾಗಿ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಮೈನಸ್ 7 ಎಂದುಕೊಂಡರೂ ಮಿತಿಯೊಳಗೇ ಇದೆ. ಕನೆಕ್ಟರ್ ಕೊಳೆಯಾಗಿದ್ದರೆ ಅಥವಾ ಎಳೆ ಎಲ್ಲೋ ಬಾಗಿ ಮುರಿದಿದ್ದರೆ ಶಕ್ತಿ ಇಳಿಯಬೇಕಿತ್ತು. ಬೆಳಕು ಸಾಕಷ್ಟು ತಲುಪುತ್ತಿದೆ, ಅದರಲ್ಲಿರುವ ಮಾಹಿತಿ ಕೆಡುತ್ತಿದೆ ಎಂಬುದೇ ಇಲ್ಲಿನ ನಿಜವಾದ ಸುಳಿವು.

ನೆಲದಡಿಯ ಕೇಬಲಿನ ಹೊರಕವಚ ಕಪ್ಪಾಗಿದ್ದರೂ ಗೋಡೆಯ ಪೆಟ್ಟಿಗೆಯಿಂದ ಹೊರಬಂದ ಹಳೆಯ ಪ್ಯಾಚ್ ಕಾರ್ಡ್ ಕಿತ್ತಳೆ ಬಣ್ಣದ್ದು, ಅದರ ಮೇಲೆ 62.5/125 ಎಂದು ಅಚ್ಚಾಗಿತ್ತು. ಕೇಬಲಿನ ಮೇಲೂ ಅದೇ ಅಂಕಿ. ಅಂದರೆ ಒಎಂ1 ದರ್ಜೆಯ ಮಲ್ಟಿಮೋಡ್. ಎರಡು ಕಟ್ಟಡಗಳ ನಡುವೆ ಕೇಬಲ್ ಸುಮಾರು 70 ಮೀಟರ್. ಒಎಂ1 ಮೇಲೆ 10ಜಿಬೇಸ್-ಎಸ್‌ಆರ್ ತಲುಪಬಲ್ಲ ದೂರ 33 ಮೀಟರ್. ಒಎಂ2 ಆದರೆ 82, ಒಎಂ3 ಆದರೆ 300. ಅದೇ ಒಎಂ1 ಎಳೆಯಲ್ಲಿ ಗಿಗಾಬಿಟ್‌ನ 1000ಬೇಸ್-ಎಸ್‌ಎಕ್ಸ್ 275 ಮೀಟರ್ ಸಾಗುತ್ತದೆ. ಇಷ್ಟು ವರ್ಷ ತಕರಾರಿಲ್ಲದೆ ನಡೆದ ಫೈಬರ್ ಮೇಲೆ ಯಾರಿಗೂ ಅನುಮಾನ ಬಾರದಿದ್ದುದಕ್ಕೆ ಕಾರಣ ಇದು.

ದಪ್ಪ ತಿರುಳಿನ ಎಳೆಯಲ್ಲಿ ಬೆಳಕು ನೂರಾರು ಹಾದಿಗಳಲ್ಲಿ ಸಾಗುತ್ತದೆ. ಒಂದೇ ಊರಿಂದ ಒಟ್ಟಿಗೆ ಹೊರಟ ಬಂಡಿಗಳು ಬೇರೆ ಬೇರೆ ದಾರಿ ಹಿಡಿದು ಜಾತ್ರೆಗೆ ಹಿಂದುಮುಂದಾಗಿ ತಲುಪುವಂತೆ, ಒಂದು ಬಿಟ್‌ನ ಬೆಳಕು ಚದುರಿ ತಲುಪುತ್ತದೆ. ಗಿಗಾಬಿಟ್ ವೇಗದಲ್ಲಿ ಒಂದು ಬಿಟ್‌ನ ಅವಧಿ 0.8 ನ್ಯಾನೊಸೆಕೆಂಡ್, ಚದುರಿಕೆ ಅದರೊಳಗೆ ಅಡಗಿಹೋಗುತ್ತದೆ. 10 ಗಿಗಾಬಿಟ್‌ನಲ್ಲಿ ಆ ಅವಧಿ 0.1 ನ್ಯಾನೊಸೆಕೆಂಡಿಗಿಂತ ತುಸು ಕಡಿಮೆ; ಒಂದರ ಬಾಲ ಮುಂದಿನದರ ಮೇಲೆ ಬೀಳುತ್ತದೆ. ಶಕ್ತಿಯ ಮೀಟರ್ ಇದನ್ನು ಹಿಡಿಯಲಾರದು, ಅದಕ್ಕೆ ಕಾಣುವುದು ಸರಾಸರಿ ಬೆಳಕು ಮಾತ್ರ. ಪಿಂಗ್ ಕೂಡ ಹಿಡಿಯಲಾರದು: ಸಣ್ಣ ಫ್ರೇಮಿನಲ್ಲಿ ಬಿಟ್‌ಗಳು ಕಡಿಮೆ, ಆದ್ದರಿಂದ ಕೆಡುವ ಸಂಭವವೂ ಕಡಿಮೆ. 1,500 ಬೈಟ್‌ಗಳ ಫ್ರೇಮ್ 12,000 ಬಿಟ್‌ಗಳದ್ದು. ಅದರಲ್ಲಿ ಒಂದು ಕೆಟ್ಟರೂ ಇಡೀ ಫ್ರೇಮ್ ಕಸದ ಬುಟ್ಟಿಗೆ, ಮಾಹಿತಿ ಸಾಗಿಸುವ ಟಿಸಿಪಿ ನಿಯಮಾವಳಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಈ ಬಗೆಯ ಸಂಪರ್ಕಕ್ಕೆ ನಿಗದಿಯಾದ ಗುಣಮಟ್ಟ 10ರ ಘಾತ 12 ಬಿಟ್‌ಗಳಿಗೆ ಒಂದು ದೋಷ, ಅಂದರೆ ಪೂರ್ಣ ವೇಗದಲ್ಲಿ ಸುಮಾರು 100 ಸೆಕೆಂಡಿಗೆ ಹೆಚ್ಚೆಂದರೆ ಒಂದು. ಇಲ್ಲಿ ದೋಷಗಳ ಎಣಿಕೆ ಕಣ್ಣೆದುರೇ ಓಡುತ್ತಿತ್ತು.

ಊಹೆಯನ್ನು ಪರೀಕ್ಷೆಗೆ ಒಡ್ಡದೆ ಖರೀದಿ ಪತ್ರವನ್ನು ತಡೆಯುವಂತಿರಲಿಲ್ಲ. ಅದೇ ಎರಡು ಮಾಡ್ಯೂಲ್‌ಗಳನ್ನು ಒಂದೇ ಕೋಣೆಯಲ್ಲಿ, ಸ್ವಿಚ್ಚನ್ನು ಪಕ್ಕಕ್ಕೆ ತಂದು, 3 ಮೀಟರಿನ ಒಎಂ3 ಪ್ಯಾಚ್ ಕಾರ್ಡಿನಿಂದ ಜೋಡಿಸಿ ಪೂರ್ಣ ಬ್ಯಾಕಪ್ ಓಡಿಸಲಾಯಿತು. ಸಿಆರ್‌ಸಿ ಎಣಿಕೆ ಸೊನ್ನೆಯಲ್ಲೇ ನಿಂತಿತು. ಬಳಿಕ ತಿರುಗುಮುರುಗು: ಇಂಟೆಲ್ ಗುರುತಿನ ಎಸ್‌ಆರ್ ಮಾಡ್ಯೂಲೊಂದನ್ನು ಎರವಲು ತಂದು ಹಳೆಯ ಎಳೆಯ ಮೇಲೆ ಹಾಕಲಾಯಿತು. ಡ್ರೈವರ್ ಅದನ್ನು ಯಾವ ಎಚ್ಚರಿಕೆಯೂ ಇಲ್ಲದೆ ಸ್ವೀಕರಿಸಿತು. ಸಿಆರ್‌ಸಿ ದೋಷಗಳು ಮೊದಲಿನಂತೆಯೇ ಬಂದವು. ಈ ಎರಡನೆಯ ಪರೀಕ್ಷೆಯನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಬಿಟ್ಟಿದ್ದರೆ ಇಲ್ಲಿಯೂ ಎರಡೂ ತುದಿಗೆ ಹಲವು ಪಟ್ಟು ಬೆಲೆಯ ಮಾಡ್ಯೂಲ್‌ಗಳು ಬಂದು, ಅದೇ ದೋಷ ಹೊಸ ಬಿಲ್ಲಿನೊಂದಿಗೆ ಮುಂದುವರಿಯುತ್ತಿತ್ತು.

ಆಮೇಲಿನ ಆಯ್ಕೆಗಳು

ಫೈಬರ್ ಬದಲಿಸುವುದು ಅನಿವಾರ್ಯವಾಯಿತು. ಒಎಂ3 ಎಳೆದಿದ್ದರೆ ಕೈಯಲ್ಲಿದ್ದ ಮಾಡ್ಯೂಲ್‌ಗಳೇ ಸಾಲುತ್ತಿದ್ದವು. ಆದರೆ ನೆಲ ಅಗೆಯುವ ಖರ್ಚಿನ ಮುಂದೆ ಕೇಬಲಿನ ಬೆಲೆ ದೊಡ್ಡದಲ್ಲ, ಮತ್ತು 25 ಅಥವಾ 100 ಗಿಗಾಬಿಟ್‌ಗೆ ಹೋಗುವಾಗ ಮಲ್ಟಿಮೋಡ್‌ನಲ್ಲಿ ಮತ್ತೆ ದೂರದ ಮಿತಿಗಳು ಎದುರಾಗುತ್ತವೆ. ಕಟ್ಟಡಗಳ ನಡುವೆ ಬೆಳಕು ಒಂದೇ ಹಾದಿಯಲ್ಲಿ ಸಾಗುವ ಸಿಂಗಲ್‌ಮೋಡ್ ಫೈಬರ್ ಎಳೆದು 1310 ನ್ಯಾನೊಮೀಟರಿನ ಎಲ್‌ಆರ್ ಮಾಡ್ಯೂಲ್‌ಗಳನ್ನು ಹಾಕಲು ಸಲಹೆ ಕೊಟ್ಟೆ, ಅದೇ ನಡೆಯಿತು. 10 ಕಿಲೋಮೀಟರಿಗೆ ಮಾಡಿದ ಮಾಡ್ಯೂಲ್ 70 ಮೀಟರಿಗೆ ಹಾಕಿದರೆ ಎದುರಿನದು ಸುಟ್ಟುಹೋಗುವುದಿಲ್ಲವೇ ಎಂದು ಕೇಳುವುದುಂಟು. ಎಲ್‌ಆರ್ ಕಳುಹಿಸುವ ಗರಿಷ್ಠ ಶಕ್ತಿ 0.5 ಡಿಬಿಎಂ, ಸ್ವೀಕರಿಸಬಲ್ಲ ಗರಿಷ್ಠವೂ 0.5 ಡಿಬಿಎಂ, ಹಾಗಾಗಿ ನಡುವೆ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರ್ ಬೇಕಿಲ್ಲ. 40 ಅಥವಾ 80 ಕಿಲೋಮೀಟರಿನ ಮಾಡ್ಯೂಲ್‌ಗಳಿಗೆ ಮಾತ್ರ ಆ ಭಯ ನಿಜ. ಎಸ್‌ಆರ್ ಮಾಡ್ಯೂಲ್‌ಗಳು ರ್‍ಯಾಕ್‌ನೊಳಗಿನ ಜೋಡಣೆಗೆ ಹೋದವು.

ಎಲ್‌ಆರ್ ಕೊಳ್ಳುವಾಗ ಮಾರಾಟಗಾರರು ಇಂಟೆಲ್ ಗುರುತಿಗೆ ಕೋಡ್ ಮಾಡಿ ಕೊಡುವುದಾಗಿ ಹೇಳಿದರು. ಅದು ಈ ವ್ಯಾಪಾರದ ರೂಢಿ. ಮೂರು ಬೈಟ್ ಬದಲಿಸಿ ಚೆಕ್‌ಸಮ್ ತಿದ್ದಿದರೆ ಮುಗಿಯಿತು, ಡ್ರೈವರ್ ತುಟಿಪಿಟಕ್ಕೆನ್ನದೆ ಒಪ್ಪುತ್ತದೆ. ನೂರಾರು ಸರ್ವರ್‌ಗಳನ್ನು ತಾನಾಗಿ ಇನ್‌ಸ್ಟಾಲ್ ಮಾಡುವ ದೊಡ್ಡ ಕೇಂದ್ರಗಳಲ್ಲಿ ಆ ಅನುಕೂಲಕ್ಕೆ ಬೆಲೆಯಿದೆ. ಒಂದೆರಡು ಯಂತ್ರಗಳಿರುವಲ್ಲಿ ನನಗೆ ಪ್ಯಾರಾಮೀಟರೇ ಮೇಲೆನಿಸುತ್ತದೆ. ಪರೀಕ್ಷಿಸದ ಮಾಡ್ಯೂಲ್ ಬಳಸುತ್ತಿದ್ದೇವೆ ಎಂಬ ತೀರ್ಮಾನ ಕರ್ನಲ್ ಸಾಲಿನಲ್ಲೂ ಲಾಗ್‌ನಲ್ಲೂ ಬಯಲಾಗಿಯೇ ಇರುತ್ತದೆ, ಐದು ವರ್ಷದ ನಂತರ ಬರುವ ನಿರ್ವಾಹಕರಿಗೂ ಕಾಣುತ್ತದೆ. ಕೋಡ್ ಮಾಡಿದ ಮಾಡ್ಯೂಲ್ ಮಾತ್ರ ಆಸ್ತಿ ಪಟ್ಟಿಯಲ್ಲಿ ತಾನಲ್ಲದ ಹೆಸರಿನಲ್ಲಿ ಕೂತಿರುತ್ತದೆ. ಕಾಲೇಜು ಕೋಡ್ ಮಾಡದವನ್ನೇ ಕೊಂಡಿತು. ಪ್ಯಾರಾಮೀಟರ್ ಹಾಗೆಯೇ ಉಳಿಯಿತು, ಬ್ಯಾಕಪ್ ಬೆಳಗಿನ ಮೊದಲ ತರಗತಿಗೆ ಬಹಳ ಮುಂಚೆ ಮುಗಿಯತೊಡಗಿತು.

ಪ್ಯಾರಾಮೀಟರಿನ ಈ ಸೌಕರ್ಯ 82599 ಬಳಗದ್ದು. ಫ್ರೀಬಿಎಸ್‌ಡಿಯ ಐಎಕ್ಸ್ ಡ್ರೈವರಿನಲ್ಲೂ ಇದಕ್ಕೆ ಸಮನಾದ ಹೊಂದಿಕೆ ಇದೆ. ಆದರೆ ಅದೇ ತಯಾರಕರ ಮುಂದಿನ ಪೀಳಿಗೆಯ ಎಕ್ಸ್710ರಲ್ಲಿ ತಪಾಸಣೆ ಕಾರ್ಡಿನ ಫರ್ಮ್‌ವೇರ್ ಒಳಗೆ ಸರಿದಿದೆ. ಆ ಕಾರ್ಡಿನ ಐ40ಇ ಡ್ರೈವರಿಗೆ ಅದನ್ನು ಸಡಿಲಿಸುವ ಪ್ಯಾರಾಮೀಟರ್ ಇಲ್ಲ. ಇಂಟರ್‌ಫೇಸ್ ಕಾಣುತ್ತದೆ, ಆದರೆ ಕಳುಹಿಸುವುದನ್ನೂ ಸ್ವೀಕರಿಸುವುದನ್ನೂ ನಿಲ್ಲಿಸಲಾಗಿದೆ ಎಂಬ ಸಂದೇಶ ಲಾಗ್‌ನಲ್ಲಿ ಸಿಗುತ್ತದೆ. ಮೆಲ್ಲನಾಕ್ಸ್ ಕನೆಕ್ಟ್‌ಎಕ್ಸ್ ಕಾರ್ಡುಗಳು ಸಾಮಾನ್ಯವಾಗಿ ಮಾಡ್ಯೂಲ್ ಯಾರದ್ದೆಂದು ಕೇಳುವುದಿಲ್ಲ. ಈ ಸರ್ವರ್ ಹಳೆಯದಾಗಿದೆ, ಬದಲಿಸುವ ಮಾತು ನಡೆದಿದೆ. ಹೊಸ ಯಂತ್ರದ ಟೆಂಡರ್ ನಮೂನೆಯಲ್ಲಿ "10 ಗಿಗಾಬಿಟ್ ಎಸ್‌ಎಫ್‌ಪಿ ಪ್ಲಸ್ ಪೋರ್ಟ್, ಎರಡು" ಎಂದಷ್ಟೇ ಇದ್ದ ಸಾಲಿಗೆ, ಕಾಲೇಜಿನಲ್ಲಿ ಈಗಾಗಲೇ ಇರುವ ಎಲ್‌ಆರ್ ಮಾಡ್ಯೂಲನ್ನು ಕಾರ್ಡ್ ಒಪ್ಪುವುದನ್ನು ಸ್ಥಳದಲ್ಲೇ ತೋರಿಸಿಕೊಡಬೇಕು ಮತ್ತು ಪೂರ್ಣ ಬ್ಯಾಕಪ್ ಒಂದರ ಅವಧಿಯಲ್ಲಿ ಸಿಆರ್‌ಸಿ ಎಣಿಕೆ ಏರಬಾರದು ಎಂಬ ಎರಡು ಷರತ್ತುಗಳನ್ನು ಸೇರಿಸಲಾಗಿದೆ.